ಪಾರ್ಸೆಲ್ ತಲುಪಿತು, ದುಡ್ಡು ವಾಪಸ್ ಹೋಯಿತು

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಚಾರ್ಜ್‌ಬ್ಯಾಕ್ ಕುರಿತವೇ. ಹೋದ ಸಲವೂ ಹೀಗೇ ಆಗಿತ್ತು. ಗ್ರಾಹಕರು ಬ್ಯಾಂಕಿಗೆ ದೂರಿ, ಕಾರ್ಡಿನಲ್ಲಿ ಕೊಟ್ಟ ಹಣವನ್ನು ವ್ಯಾಪಾರಿಯಿಂದ ವಾಪಸ್ ಪಡೆಯುವುದೇ ಚಾರ್ಜ್‌ಬ್ಯಾಕ್, ಇದಕ್ಕಿಂತ ಹೆಚ್ಚು ವಿವರಿಸಲಾರೆ. ಒಮ್ಮೆ ಹಣ ಕಳೆದುಕೊಂಡವರಿಗೆ ಅದು ಚೆನ್ನಾಗಿ ಗೊತ್ತು.

ಪ್ರಶ್ನೆ: ಸಿರ್ಸಿ ಸಮೀಪದ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಸ್ವಂತ ಜಾಲತಾಣದಲ್ಲಿ ಮಾರುತ್ತೇವೆ. ಪುಣೆಯ ಗ್ರಾಹಕರೊಬ್ಬರು ಕ್ರೆಡಿಟ್ ಕಾರ್ಡಿನಲ್ಲಿ 6,400 ರೂಪಾಯಿಯ ಸಾಮಾನು ಕೊಂಡರು. ತಲುಪಿಸಿದ್ದೇವೆ ಎಂದು ಕೊರಿಯರಿನವರು ಹೇಳುತ್ತಾರೆ. ಎರಡು ತಿಂಗಳ ಮೇಲೆ ಗ್ರಾಹಕರು ಸಾಮಾನು ಬಂದಿಲ್ಲವೆಂದು ತಮ್ಮ ಬ್ಯಾಂಕಿಗೆ ದೂರಿದರು, ಜಾಲತಾಣದಲ್ಲಿ ನಮ್ಮ ಪರವಾಗಿ ಕಾರ್ಡಿನ ಹಣ ಪಡೆದುಕೊಡುವ ಗೇಟ್‌ವೇ ಕಂಪನಿ ನಮ್ಮ ಹಣ ಹಿಂದಕ್ಕೆ ಪಡೆಯಿತು. ನಾಲ್ಕು ಪುಟ ಉತ್ತರ ಬರೆದರೂ ಸೋತೆವು. ಸತ್ಯಕ್ಕೆ ಬೆಲೆಯಿಲ್ಲವೇ?

ಉತ್ತರ: ನೀವು ಲಗತ್ತಿಸಿದ ಆ ನಾಲ್ಕು ಪುಟಗಳನ್ನು ಪೂರ್ತಿ ಓದಿದೆ. ಮಿಡಿ ಯಾವ ಹಳ್ಳದ ದಂಡೆಯದು, ಉಪ್ಪಿನಲ್ಲಿ ಎಷ್ಟು ದಿನ ಇಟ್ಟಿರಿ, ಗ್ರಾಹಕರು ಫೋನಿನಲ್ಲಿ ಹೇಗೆ ದರ್ಪದಿಂದ ಮಾತಾಡಿದರು, ಎಲ್ಲವೂ ಇದೆ. ಪಾರ್ಸೆಲ್ ಯಾವ ದಿನ, ಯಾವ ವಿಳಾಸದಲ್ಲಿ, ಯಾರ ಕೈಗೆ ಸೇರಿತು ಎಂಬ ಒಂದು ಸಾಲು ಮಾತ್ರ ಇಲ್ಲ. ಕಡತ ನೋಡುವವರು ನಿಮ್ಮನ್ನೂ ಕಂಡಿಲ್ಲ, ಆ ಗ್ರಾಹಕರನ್ನೂ ಕಂಡಿಲ್ಲ. ದೂರಿಗೆ ಒಂದು ಕಾರಣ ನಮೂದಾಗಿರುತ್ತದೆ, ಆ ಕಾರಣಕ್ಕೆ ನಿಮ್ಮ ಕಾಗದ ಉತ್ತರ ಕೊಡುತ್ತದೆಯೇ ಎಂದಷ್ಟೇ ಅವರು ನೋಡುತ್ತಾರೆ.

ಆದ್ದರಿಂದ ಮೊದಲು ಆ ಕಾರಣವನ್ನು ಓದಿ. ‘ಸಾಮಾನು ಬಂದಿಲ್ಲ’ ಎಂದಿದ್ದರೆ ಸಹಿ ಅಥವಾ ಓಟಿಪಿ ಪಡೆದು ತಲುಪಿಸಿದ ದಾಖಲೆ ಬೇಕು, ಅದರಲ್ಲಿರುವ ವಿಳಾಸ ಆರ್ಡರಿನ ವಿಳಾಸಕ್ಕೆ ತಾಳೆಯಾಗಬೇಕು. ‘ಹೇಳಿದ ಹಾಗಿಲ್ಲ’ ಎಂದಿದ್ದರೆ ಜಾಲತಾಣದಲ್ಲಿ ನೀವು ಬರೆದಿದ್ದ ವಿವರಣೆ, ಕಟ್ಟುವ ಮೊದಲು ತೆಗೆದ ಚಿತ್ರ, ಕೊರಿಯರ್ ರಸೀದಿಯಲ್ಲಿರುವ ತೂಕ ಬೇಕು. ನಾಲ್ಕು ಕಿಲೋ ತೂಗಿದ ಪೆಟ್ಟಿಗೆ ಖಾಲಿಯಿತ್ತೆಂದು ವಾದಿಸುವುದು ಸುಲಭವಲ್ಲ. ‘ಈ ವ್ಯವಹಾರ ನಾನು ಮಾಡಿದ್ದಲ್ಲ’ ಎಂದಿದ್ದರೆ ಓಟಿಪಿ ಹಾಕಿಯೇ ಪಾವತಿಯಾದ ದಾಖಲೆಯನ್ನು ಗೇಟ್‌ವೇಯಿಂದ ಕೇಳಿ ಪಡೆಯಬೇಕು. ನಮ್ಮ ದೇಶದ ಕಾರ್ಡುಗಳಿಗೆ ಆನ್‌ಲೈನ್ ಪಾವತಿಯಲ್ಲಿ ಈ ಎರಡನೆಯ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿದೆ, ಹಾಗಾಗಿ ಅಲ್ಲಿ ನಿಮ್ಮ ನೆಲ ಗಟ್ಟಿ. ವಿದೇಶದ ಕಾರ್ಡುಗಳಿಗೆ ಆ ಕಡ್ಡಾಯ ಇಲ್ಲ. ಅಮೆರಿಕದ ಕಾರ್ಡಿನಿಂದ ದೊಡ್ಡ ಮೊತ್ತದ ಆರ್ಡರ್ ಬಂದು, ಬೆಂಗಳೂರಿನ ಯಾವುದೋ ವಿಳಾಸಕ್ಕೆ ಇವತ್ತೇ ಕಳಿಸಿ ಎಂದು ಅವಸರ ಮಾಡಿದರೆ ನಾನಾಗಿದ್ದರೆ ಎರಡು ದಿನ ಕಾಯುತ್ತೇನೆ. ನನ್ನದು ಅತಿಜಾಗ್ರತೆ ಎಂದು ಮನೆಯವರೂ ಹೇಳುತ್ತಾರೆ, ಇರಲಿ.

ಈ ಕಾಗದಗಳೆಲ್ಲ ಪಾರ್ಸೆಲ್ ಹೊರಡುವ ದಿನವೇ ನಿಮ್ಮ ಕೈಯಲ್ಲಿರಬೇಕು. ತಕರಾರು ಬಂದ ಮೇಲೆ ಕೊರಿಯರ್ ಕಚೇರಿಗೆ ಅಲೆಯುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ಬಗೆಯ ತಕರಾರುಗಳಿಗೆ 120 ದಿನಗಳ ಅವಕಾಶವಿದೆ, ಉತ್ತರಿಸಲು ನಿಮಗೆ ಸಿಗುವುದು ಕೆಲವೇ ದಿನ. ಮಾರಿಕಾಂಬಾ ಜಾತ್ರೆಯ ಗಡಿಬಿಡಿಯಲ್ಲಿ ಇ-ಮೇಲ್ ನೋಡಲಾಗಲಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ನಿಮ್ಮ ನಾಲ್ಕು ಪುಟಗಳು ಗಡುವು ಮುಗಿದ ಮೇಲೆ ಹೋಗಿವೆ, ಅವುಗಳನ್ನು ಯಾರೂ ಓದಿರಲಾರರು.

ಇನ್ನೊಂದು ಸಂಗತಿ ನಿಮಗೆ ಹಿಡಿಸಲಿಕ್ಕಿಲ್ಲ. ಆ ಗ್ರಾಹಕರು ಮೋಸಗಾರರೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಜಾಲತಾಣಕ್ಕೆ ಒಂದು ಹೆಸರು, ಗೇಟ್‌ವೇ ಖಾತೆ ಇರುವುದು ನಿಮ್ಮ ಯಜಮಾನರ ಅಡಿಕೆ ವ್ಯಾಪಾರದ ಹೆಸರಿನಲ್ಲಿ. ಕಾರ್ಡಿನ ಬಿಲ್ಲಿನಲ್ಲಿ ಕಾಣುವುದು ಆ ಎರಡನೆಯ ಹೆಸರು. ಎರಡು ತಿಂಗಳ ಮೇಲೆ ಬಿಲ್ ನೋಡಿದವರಿಗೆ ಅಡಿಕೆ ಅಂಗಡಿಗೆ ತಾನೇಕೆ 6,400 ಕೊಟ್ಟೆ ಎನಿಸಿದರೆ ತಪ್ಪೇನು? ಬ್ಯಾಂಕಿಗೆ ಫೋನ್ ಮಾಡಿದಾಗ ದೂರು ಯಾವ ಕಾರಣದಡಿ ದಾಖಲಾಯಿತೋ ಯಾರಿಗೆ ಗೊತ್ತು. ಬಿಲ್ಲಿನಲ್ಲಿ ಜಾಲತಾಣದ ಹೆಸರೇ ಬರುವಂತೆ ಮಾಡಿಕೊಡಲು ಗೇಟ್‌ವೇಯವರನ್ನು ಕೇಳಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದು ಪಾರ್ಸೆಲ್ ವಾರಗಟ್ಟಲೆ ನಿಲ್ಲುವ ಊರಿನಲ್ಲಿ ಕೂತು ‘ಮೂರು ದಿನದಲ್ಲಿ ತಲುಪುತ್ತದೆ’ ಎಂದು ಬರೆಯುವುದನ್ನೂ ನಿಲ್ಲಿಸಿ. ನಿಜವಾದ ಮೋಸಗಾರರು ಇಲ್ಲವೆಂದಲ್ಲ. ಅವರಿಗಾಗಿ ಇಟ್ಟ ಕೋಪವನ್ನು ಎಲ್ಲರ ಮೇಲೂ ಸುರಿಯಬೇಡಿ.

ಇಂಥ ಪತ್ರಗಳಲ್ಲಿ ಪದೇ ಪದೇ ಕಾಣುವ ಒಂದು ತಪ್ಪನ್ನು ನೀವು ಮಾಡಿಲ್ಲ, ಅಷ್ಟು ಸಮಾಧಾನ. ತಕರಾರು ನಡೆಯುತ್ತಿರುವಾಗಲೇ ಹೆದರಿ ಗ್ರಾಹಕರಿಗೆ ಬೇರೆಯಾಗಿ ರಿಫಂಡ್ ಕೊಡುವವರಿದ್ದಾರೆ. ಬ್ಯಾಂಕಿನ ಕಡೆಯಿಂದಲೂ ಹಣ ಹೋಗುತ್ತದೆ, ಇವರ ಕೈಯಿಂದಲೂ ಹೋಗುತ್ತದೆ. ಗ್ರಾಹಕರ ಮಾತು ಸರಿ ಎನಿಸಿದರೆ ತಕರಾರನ್ನು ಒಪ್ಪಿಕೊಂಡುಬಿಡಿ, ಹಣ ಒಂದೇ ದಾರಿಯಲ್ಲಿ ಹೋಗಲಿ. ಈಗ ನಿಮ್ಮ 6,400 ರೂಪಾಯಿಯನ್ನು ಮರೆಯಿರಿ, ವಕೀಲರ ನೋಟಿಸಿಗೆ ಅದಕ್ಕಿಂತ ಹೆಚ್ಚು ಖರ್ಚಾದೀತು.

ಪ್ರಶ್ನೆ: ಕಾರವಾರದಲ್ಲಿ ಒಣಮೀನು, ಮುರುಗಲು ಸಿಪ್ಪೆ ಮಾರುತ್ತೇನೆ. ನೌಕಾನೆಲೆಯ ಅಧಿಕಾರಿ ಎಂದ ಒಬ್ಬರು ದೊಡ್ಡ ಆರ್ಡರ್ ಕೊಟ್ಟು, ಹಣ ನನ್ನ ಖಾತೆಗೆ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಿದ್ದಾರೆ.

ಉತ್ತರ: ಪಿನ್ ಹಾಕುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗಾಗಲೇ ಹಾಕಿದ್ದರೆ ಈ ಉತ್ತರ ಓದುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಗ್ರಾಹಕರು ಕಾರ್ಡಿನಲ್ಲಿ ತಪ್ಪಿ ಹೆಚ್ಚು ಪಾವತಿಸಿದ್ದಾರಂತೆ. ಉಳಿದದ್ದನ್ನು ಬೇರೆ ನಂಬರಿಗೆ ಕಳಿಸಲೇ? (ಕುಮಟಾ)

ಉತ್ತರ: ಕಳಿಸಬೇಡಿ. ಕಾರ್ಡು ಕದ್ದದ್ದಾಗಿರಬಹುದು. ಬಂದ ಕಾರ್ಡಿಗೇ, ಗೇಟ್‌ವೇ ಮೂಲಕವೇ ಹಿಂತಿರುಗಿಸಿ.

ಪ್ರಶ್ನೆ: ‘ಚಾರ್ಜ್‌ಬ್ಯಾಕ್ ಮಾಡುವಂತಿಲ್ಲ’ ಎಂದು ಷರತ್ತು ಹಾಕಿದರೆ ಸಾಕೇ?

ಉತ್ತರ: ಗೋಡೆಯ ಮೇಲೆ ಬರೆದರೂ ಅಷ್ಟೇ ಫಲ.

ಪ್ರಶ್ನೆ: ಸೋತ ಚಾರ್ಜ್‌ಬ್ಯಾಕನ್ನು 3,000 ರೂಪಾಯಿಗೆ ಗೆಲ್ಲಿಸಿಕೊಡುವುದಾಗಿ ಒಬ್ಬರು ವಾಟ್ಸ್ಆ್ಯಪಿನಲ್ಲಿ ಹೇಳುತ್ತಾರೆ, ಬ್ಯಾಂಕಿನ ಒಳಗೇ ಜನರಿದ್ದಾರಂತೆ.

ಉತ್ತರ: ಮಂತ್ರಿಸಿದ ದಾರ ಕೊಡುವವರೂ ಹೀಗೇ ಹೇಳುತ್ತಾರೆ. ಆತ ನಿಮ್ಮ ಗೇಟ್‌ವೇ ಖಾತೆಯ ಪಾಸ್‌ವರ್ಡ್ ಕೇಳಿದ್ದಾನೆಂದೂ ಬರೆದಿದ್ದೀರಿ. ಕೊಟ್ಟಿದ್ದರೆ ಈಗಲೇ ಬದಲಾಯಿಸಿ, ಹಣ ಜಮಾ ಆಗುವ ಬ್ಯಾಂಕ್ ಖಾತೆ ನಿಮ್ಮದೇ ಇದೆಯೇ ಎಂದೂ ನೋಡಿ.

ಪ್ರಶ್ನೆ: ಮೋಸ ಮಾಡಿದ ಗ್ರಾಹಕನ ಚಿತ್ರ, ಫೋನ್ ನಂಬರನ್ನು ವ್ಯಾಪಾರಿಗಳ ಗುಂಪಿನಲ್ಲಿ ಹಾಕಬಹುದೇ? (ಅಂಕೋಲಾ)

ಉತ್ತರ: ಬೇಡ, ಮಾನನಷ್ಟದ ದಾವೆಗೆ ನೀವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ. ಹೆಸರು ನಿಮ್ಮ ಪುಸ್ತಕದಲ್ಲಿರಲಿ. ಕರಿ ಇಶಾಡ ಮಾವಿನ ಕಾಲಕ್ಕೆ ಆತ ಮತ್ತೆ ಆರ್ಡರ್ ಕೊಟ್ಟರೆ ರದ್ದು ಮಾಡಿ.