ಕೊಂಡ ಬೆಲೆ ಷೇರಿಗೆ ಗೊತ್ತಿಲ್ಲ

ಪ್ರಶ್ನೆ: ಆರು ತಿಂಗಳ ಹಿಂದೆ ಭಾವ ಹೇಳಿದರೆಂದು ಒಂದು ಕಂಪನಿಯ 100 ಷೇರು ತಗೊಂಡೆ, ತಲಾ 420 ರೂಪಾಯಿ. ಈಗ 210ಕ್ಕೆ ಬಿದ್ದಿದೆ. ಜೊತೆಗೆ ಕೊಂಡ ಇನ್ನೊಂದು ಷೇರನ್ನು ಸ್ವಲ್ಪ ಲಾಭ ಕಂಡ ಕೂಡಲೇ ಮಾರಿಬಿಟ್ಟೆ. ಅದು ಇನ್ನೂ ಏರುತ್ತಿದೆ. ಬಿದ್ದಿದ್ದು ಅಸಲಿಗೆ ಬರಲಿ ಅಂತ ಕಾಯುತ್ತಿದ್ದೇನೆ. ಭಾವ ಇನ್ನೂ 100 ಕೊಂಡು ಆವರೇಜ್ ಮಾಡು ಅನ್ನುತ್ತಾರೆ. ಏನು ಮಾಡಲಿ?
– ಟೊಮೆಟೊ ಬೆಳೆಗಾರ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಕೋಲಾರದ ಮಂಡಿಯಲ್ಲಿ ಹರಾಜು ಕೂಗುವಾಗ ಸಸಿಗೆಷ್ಟಾಯಿತು, ಕಡ್ಡಿಗೆಷ್ಟು, ಔಷಧಿಗೆಷ್ಟು ಅಂತ ನಿಮ್ಮನ್ನು ಯಾರಾದರೂ ಕೇಳಿದ್ದುಂಟೆ? ಹಣ್ಣು ನೋಡುತ್ತಾರೆ, ಆವತ್ತಿನ ಆವಕ ನೋಡುತ್ತಾರೆ, ಕೂಗುತ್ತಾರೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ದಾಟಿತ್ತೆಂದು ಇವತ್ತೂ ಅದೇ ಬೆಲೆಗೆ ನೀವು ಕಾಯುವುದಿಲ್ಲ, ಹಣ್ಣು ಕೊಳೆಯುತ್ತದೆ. ಷೇರು ಕಣ್ಣೆದುರು ಕೊಳೆಯುವುದಿಲ್ಲ. ಅದಕ್ಕೇ 420 ಅನ್ನುವ ಅಂಕಿ ನಿಮ್ಮನ್ನು ಹಿಡಿದು ಕೂರಿಸಿದೆ.

ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ಕಳೆದ ಸಂಕಟ ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಬರೆದರು. ಗೆದ್ದ ಷೇರನ್ನು ಬೇಗ ಮಾರಿ ಸೋತದ್ದನ್ನು ಹಿಡಿದುಕೊಳ್ಳುವ ಚಾಳಿಯನ್ನು ಹಣಕಾಸು ವಿದ್ವಾಂಸರಾದ ಶೆಫ್ರಿನ್, ಸ್ಟ್ಯಾಟ್‌ಮನ್ 1985ರಲ್ಲಿ ಗುರುತಿಸಿದರು. ನೀವು ಮಾಡಿದ್ದೂ ಅದನ್ನೇ. ಮಾರಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ, ಆ ನೋವನ್ನು ಮುಂದೂಡುತ್ತಿದ್ದೀರಿ.

ಅರ್ಧಕ್ಕೆ ಬಿದ್ದ ಷೇರು ಅಸಲು ಮುಟ್ಟಲು ಶೇ 50 ಅಲ್ಲ, ಶೇ 100 ಏರಬೇಕು. ಭಾವನ ಮಾತಿನಂತೆ ಇನ್ನೂ 100 ಕೊಂಡರೆ ಸರಾಸರಿ 315ಕ್ಕೆ ಇಳಿಯುತ್ತದೆ, ನಿಜ. ಆದರೆ ಒಂದೇ ಕಂಪನಿಯಲ್ಲಿ ನೀವು ಹಾಕಿದ ದುಡ್ಡು 42,000ದಿಂದ 63,000ಕ್ಕೆ ಹೋಗುತ್ತದೆ. ಕಂಪನಿಯ ಲೆಕ್ಕಪತ್ರ ಓದದೆ ಅದನ್ನು ಮಾಡಬೇಡಿ, ದಯವಿಟ್ಟು.

ಇವತ್ತು ರಾತ್ರಿ ಮೊಬೈಲ್ ತೆಗೆದು, ಕೊಂಡ ಬೆಲೆಯನ್ನೂ ಕೆಂಪು ಅಂಕಿಯನ್ನೂ ಹೆಬ್ಬೆರಳಿಂದ ಮುಚ್ಚಿ. ಕೈಯಲ್ಲಿ 21,000 ನಗದು ಇದ್ದಿದ್ದರೆ ಈ ಕಂಪನಿಯನ್ನೇ ಕೊಳ್ಳುತ್ತಿದ್ದೆನಾ? ಕಳೆದ ನಾಲ್ಕು ತ್ರೈಮಾಸಿಕದ ಲಾಭ, ಸಾಲ, ಪ್ರವರ್ತಕರು (ಕಂಪನಿಯ ಹಿಡಿತ ಇರುವ ಮಾಲೀಕರು) ಸಾಲಕ್ಕಾಗಿ ತಮ್ಮ ಷೇರು ಅಡ ಇಟ್ಟಿದ್ದಾರೆಯೇ ಎಂಬುದನ್ನು ನೋಡಿ ಉತ್ತರ ಬರೆಯಿರಿ. ಹೌದು ಎಂದಾದರೆ ಇಟ್ಟುಕೊಳ್ಳಿ. ಇಲ್ಲವಾದರೆ ಮಾರಿ.

ಮಾರಿದರೆ ಆ ನಷ್ಟವನ್ನು ಬೇರೆ ಷೇರಿನ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು, ಮಿಕ್ಕಿದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಅಂತ ಸುಮ್ಮನಿದ್ದುಬಿಡಬೇಡಿ; ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ನಷ್ಟವನ್ನು ಮುಂದಕ್ಕೆ ಒಯ್ಯುವ ಅವಕಾಶ.