ಗುಂಡಿ ಹಾಕಲು ಕಲಿಸೋಕೆ ದುಬಾರಿ ಆಟಿಕೆ ಬೇಡ

ಎರಡೂವರೆ ವರ್ಷದ ಮಗಳಿಗೆ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಮಡಿಕೇರಿಗೆ ಮಾಂಟೆಸ್ಸರಿ ಆಟಿಕೆ ತರಿಸಲಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ. 1907ರಲ್ಲಿ ರೋಮ್‌ನಲ್ಲಿ ಮರಿಯಾ ಮಾಂಟೆಸ್ಸರಿ ಶುರು ಮಾಡಿದ ಶಾಲೆಯಲ್ಲೂ ಕೈ ತೊಳೆಯುವುದು, ಗುಂಡಿ ಹಾಕುವುದು ಇಂಥ ದಿನನಿತ್ಯದ ಕೆಲಸಗಳೂ ಪಾಠವೇ ಆಗಿದ್ದವು.

ಗಾಬರಿಯೂ ಬೇಡ, ಎಷ್ಟೋ ಮಕ್ಕಳಿಗೆ ಮೂರು ದಾಟಿದ ಮೇಲೇ ಗುಂಡಿ ಕೈಗೆ ಹತ್ತುವುದು. ಮೊದಲು ಬಿಚ್ಚುವುದನ್ನು ಕಲಿಸಿ. ದೊಡ್ಡ ಗುಂಡಿಯ ಹಳೇ ಸ್ವೆಟರ್ ಇರುತ್ತಲ್ವಾ, ಅದನ್ನು ಮೈಗೆ ಹಾಕದೆ ಅವಳ ಮುಂದೆ ಹರಡಿ, ಗುಂಡಿಯನ್ನು ಅರ್ಧ ನೀವೇ ತೂರಿಸಿ, ಉಳಿದರ್ಧ ಅವಳು ಎಳೆಯಲಿ.

ಬೆರಳಿಗೆ ಬಲ ಬರೋಕೆ ಅಡುಗೆಮನೆಯೇ ಸಾಕು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಕಟ್ಟುವಾಗ ಸ್ವಲ್ಪ ತಣಿದ ಹಿಟ್ಟು ಅವಳಿಗೂ ಕೊಡಿ. ಸೊಟ್ಟ ಉಂಡೆಗಳನ್ನೂ ಬೇಯಿಸಿ, ಅವನ್ನೇ ಆರಿಸಿ ತಿನ್ನುತ್ತಾಳೆ ನೋಡಿ. ಕಿತ್ತಳೆಗೆ ಮೇಲೊಂದು ಕಡೆ ಉಗುರು ಹಾಕಿ ಸಿಪ್ಪೆ ಎಬ್ಬಿಸಿ ಕೊಟ್ಟರೆ ಮಿಕ್ಕಿದ್ದನ್ನು ಅವಳೇ ಸುಲಿಯುತ್ತಾಳೆ, ಬೀಜ ಮಾತ್ರ ನೀವು ತೆಗೆಯಿರಿ. ಮಳೆಗಾಲದಲ್ಲಿ ಹೇಗೂ ಮನೆಯೊಳಗೇ ಬಟ್ಟೆ ಹಗ್ಗ, ಕಾಲ್ಚೀಲಕ್ಕೆ ಕ್ಲಿಪ್ ಹಾಕೋ ಕೆಲಸ ಅವಳಿಗೇ ಬಿಡಿ.

ಕಾಫಿ ಬೀಜ, ಕರಿಮೆಣಸು ಆರಿಸುವ ಆಟ ಮಾತ್ರ ಈಗಲೇ ಬೇಡ. ಈ ವಯಸ್ಸಿನವರು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಮೆಣಸು ಮುಟ್ಟಿದ ಕೈ ಕಣ್ಣಿಗೆ ಹೋದರಂತೂ ಕೇಳಲೇಬೇಡಿ.