“ನಮ್ಮತ್ತೆ ನಗೋದೇ ಇಲ್ಲ ಮೇಡಂ”

(ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಡಿಸೆಂಬರ್‌ನ ಒಂದು ರಾತ್ರಿ ಎಂಟೂವರೆಗೆ ಸುಧಾ ಮೊದಲ ಸಲ ನನ್ನ ಬಳಿ ಆಪ್ತಸಲಹೆಗೆಂದು ವಿಡಿಯೊ ಕರೆಗೆ ಬಂದರು. ರಷ್ಯಾದ ಕಜಾನ್‌ನಲ್ಲಿ ಆಗ ಸಂಜೆ ಆರು. ಅವರ ಹಿಂದಿನ ಕಿಟಕಿ ಮಸಿ ಬಳಿದಂತಿತ್ತು. “ಇಲ್ಲಿ ಸೂರ್ಯ ಮೂರು ಗಂಟೆಗೇ ಮುಳುಗ್ತಾನೆ ಮೇಡಂ, ಬೆಳಗ್ಗೆ ಎಂಟಾದ್ರೂ ಬರಲ್ಲ” ಎಂದು ಸುಮ್ಮನಾದರು. ತೊಡೆಯ ಮೇಲೆ ಮೂರು ತಿಂಗಳ ಮಗು. ಬಹಳ ಹೊತ್ತಾದ ಮೇಲೆ ಹೊರಬಿದ್ದದ್ದು ಒಂದೇ ಮಾತು: “ನಮ್ಮತ್ತೆ ನಗೋದೇ ಇಲ್ಲ. ನಾನು ಅವರಿಗೆ ಬೇಡ.”

ಸುಧಾ ಮಲೆನಾಡಿನವರು, ವಯಸ್ಸು ಮೂವತ್ತೊಂದು. ಬೆಂಗಳೂರಿನಲ್ಲಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಆಂತೋನ್‌ನನ್ನು ಮದುವೆಯಾಗಿ, ಎರಡು ವರ್ಷದ ಹಿಂದೆ ಅವನ ಊರಿಗೆ ಹೋದರು. ಗಂಡ ಹೆಂಡತಿ ಮಾತಾಡುವುದು ಇಂಗ್ಲಿಷಿನಲ್ಲಿ. ಅತ್ತೆ ಗಲೀನಾ ಪೆತ್ರೋವ್ನಾ ಎರಡು ಬಸ್‌ಸ್ಟಾಪಿನಾಚೆ ಬೇರೆ ಮನೆಯಲ್ಲಿದ್ದಾರೆ, ದಿನಾ ಬರುತ್ತಾರೆ. ಬಂದವರು ಬಾಗಿಲಲ್ಲೇ ಶುರು: ಬರಿಗಾಲಲ್ಲಿ ಯಾಕಿದ್ದೀಯ, ಒದ್ದೆ ತಲೆಯಲ್ಲಿ ಯಾಕೆ ನಿಂತಿದ್ದೀಯ, ಮಗುವಿಗೆ ಟೋಪಿ ಎಲ್ಲಿ. ತಂದ ಸೂಪಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕುತ್ತಾರೆ. ಮಗುವನ್ನು ಎತ್ತಿಕೊಳ್ಳುತ್ತಾರೆ. ಸೊಸೆಯ ಮುಖ ನೋಡಿ ಒಂದು ನಗೆ ಇಲ್ಲ.

ಅತ್ತೆಯ ಕಥೆ ಆಮೇಲೆ ಕೇಳೋಣ ಅಂದುಕೊಂಡೆ. ಮೂರು ತಿಂಗಳ ಬಾಣಂತಿ, ನಿದ್ದೆಯಿಲ್ಲ, ಊಟ ಸೇರದು, ಮಗು ಮಲಗಿದಾಗಲೂ ಅಳು. ಹೆರಿಗೆಯ ನಂತರದ ಖಿನ್ನತೆಯನ್ನು ಅಂದಾಜು ಮಾಡಲು ಎಡಿನ್‌ಬರೊ ಪಟ್ಟಿ ಎಂಬುದಿದೆ, ಹತ್ತು ಪ್ರಶ್ನೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಅವರ ಉತ್ತರ “ಇಲ್ಲ” ಎಂದಿತ್ತು. ಮೂವತ್ತಕ್ಕೆ ಹದಿಮೂರು ಮುಟ್ಟಿದರೆ ವೈದ್ಯರು ನೋಡಲೇಬೇಕು. ಸುಧಾ ಅವರದು ಹದಿನಾರು. ನಾನು ಖಂಡಿತವಾಗಿ ಹೇಳಿದೆ, ಇದು ಬರೀ ನನ್ನ ಜೊತೆ ಮಾತಾಡಿ ವಾಸಿಯಾಗುವುದಲ್ಲ, ಅಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಆಂತೋನ್ ಹಿಂಜರಿದ. ಸರ್ಕಾರಿ ಮನೋವೈದ್ಯರ ಪುಸ್ತಕದಲ್ಲಿ ಹೆಸರು ಸೇರಿದರೆ ಬಾಳೆಲ್ಲ ಬೆನ್ನು ಹತ್ತುತ್ತದೆ ಎಂಬ ಅಂಜಿಕೆ ಆ ದೇಶದಲ್ಲಿ ಸೋವಿಯತ್ ಕಾಲದಿಂದ ಉಳಿದುಬಂದಿದೆ, ಸುಮ್ಮನೆ ಹುಟ್ಟಿದ್ದೂ ಅಲ್ಲ. ಖಾಸಗಿ ಕ್ಲಿನಿಕ್‌ಗೆ ಹೋಗುವುದೆಂದು ಒಪ್ಪಿಸಲು ಎರಡು ವಾರ ಹಿಡಿಯಿತು. ಔಷಧ ಅಲ್ಲಿಯ ವೈದ್ಯರು ನೋಡಿಕೊಂಡರು. ನಾನು ಸೇರಿಸಿದ್ದು ಒಂದೇ: ಬೆಳಗ್ಗೆ ಹತ್ತರಿಂದ ಹನ್ನೊಂದು, ಮೋಡವಿರಲಿ, ಹಿಮ ಬೀಳುತ್ತಿರಲಿ, ಮಗುವಿನ ಗಾಡಿ ತಳ್ಳಿಕೊಂಡು ಹೊರಗೆ. ಏಳು ಗಂಟೆಯ ಹಗಲಿನಲ್ಲಿ ಅಷ್ಟನ್ನಾದರೂ ಕಣ್ಣಿಗೆ ತಾಗಿಸಿಕೊಳ್ಳಬೇಕು.

ಇನ್ನು ನಗೆಯ ವಿಷಯ. ಅಂಗಡಿಯವಳು, ಬಸ್ ಕಂಡಕ್ಟರ್, ಲಿಫ್ಟಿನ ನೆರೆಯವರು ಯಾರೂ ನಗುವುದಿಲ್ಲ ಎಂಬ ದೂರು ರಷ್ಯಾಕ್ಕೆ ಹೋದ ಎಲ್ಲರದೂ. ಅಲ್ಲಿ ನಗೆ ಪರಿಚಯಸ್ಥರಿಗೆ, ಅದೂ ಕಾರಣವಿದ್ದಾಗ. ಕಾರಣವಿಲ್ಲದೆ ನಗುವುದು ದಡ್ಡರ ಲಕ್ಷಣ ಎಂಬ ಗಾದೆಯೇ ಅವರಲ್ಲಿದೆ. ಸುಮ್ಮಸುಮ್ಮನೆ ಹಲ್ಲು ಕಿಸಿಯಬೇಡ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಅದಿರಲಿ, ಅತ್ತೆ ಪರಿಚಯಸ್ಥರೇ ಅಲ್ಲವೇ? ಸುಧಾ ಕೇಳಿದ್ದೂ ಅದನ್ನೇ. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರವಿಲ್ಲದಾಗ ಪಾಠದ ಪುಸ್ತಕ ನೆನಪಾಗುತ್ತದೆ. “ನೀವು ಹೀಗೆ ಮಾಡಿದಾಗ ನನಗೆ ನೋವಾಗುತ್ತದೆ” ಎಂದು ನೇರವಾಗಿ ಹೇಳಿ, ರಷ್ಯನ್ ಸಾಲದಿದ್ದರೆ ಆಂತೋನ್ ಅನುವಾದ ಮಾಡಲಿ ಎಂದುಬಿಟ್ಟೆ. ಅವರು ಹಾಗೇ ಮಾಡಿದರು. ಗಲೀನಾ ಪೆತ್ರೋವ್ನಾ ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಲೋಟ ತೊಳೆದಿಟ್ಟು, ಕೋಟು ಹಾಕಿಕೊಂಡು ಹೊರಟರು. ಒಂಬತ್ತು ದಿನ ಬರಲಿಲ್ಲ. ಹೆಂಡತಿಯ ದೂರನ್ನು ಮಗನ ಬಾಯಿಂದ ತಾಯಿಗೆ ಮುಟ್ಟಿಸುವುದು! ಶಿವಮೊಗ್ಗದಲ್ಲಿ ಯಾರಾದರೂ ಕೇಳಿದ್ದರೆ ಇಂಥ ಸಲಹೆ ಕೊಡುತ್ತಿದ್ದೆನೇ? ತಪ್ಪು ನನ್ನದೆಂದು ಸುಧಾ ಅವರಿಗೆ ಹೇಳಿದೆ.

ಮುಂದಿನ ಸಲ ಬೇರೆ ಪ್ರಶ್ನೆ ಕೇಳಿದೆ. “ನೀವು ಅವರಿಗೆ ಸಾಮಾನ್ಯವಾಗಿ ಏನು ಹೇಳ್ತೀರಿ? ರಷ್ಯನ್‌ನಲ್ಲೇ ಹೇಳಿ.”

“ಹೆಚ್ಚೇನಿಲ್ಲ. ‘ತಿ ಚಾಯ್ ಬೂದೆಷ್?’ ಅಂತೀನಿ. ಟೀ ಕುಡೀತೀರಾ ಅಂತ.”

“ತಿ ಅಂದ್ರೆ?”

“ನೀನು.”

“ನೀವು ಅನ್ನೋಕೆ ಬೇರೆ ಮಾತಿಲ್ವಾ?”

ಸುಧಾ ತಡೆದರು. “ವಿ ಅಂತ ಇದೆ. ಅದು ಬಹುವಚನ, ತುಂಬ ಜನ ಇದ್ದಾಗ...” ಮಾತು ಅಲ್ಲಿಗೇ ನಿಂತಿತು. ಬಾಯಿಗೆ ಕೈ ಹೋಯಿತು. “ಅಯ್ಯೋ ಮೇಡಂ. ಎರಡು ವರ್ಷ ಅತ್ತೆಗೆ ‘ಟೀ ಕುಡೀತೀಯಾ’ ಅಂದಿದೀನಿ!”

ರಷ್ಯನ್ ಕಲಿತದ್ದು ಗಂಡನ ಬಾಯಿಂದ. ಗಂಡ ಹೆಂಡತಿಗೂ ಅಮ್ಮನಿಗೂ ಬಳಸುವುದು ‘ತಿ’ಯನ್ನೇ, ಅದೇ ಇವರಿಗೂ ಅಂಟಿತು. ತಿಯೂ ವಿಯೂ ನಮ್ಮ ನೀನು–ನೀವು ಇದ್ದ ಹಾಗೇ. ಇಂಗ್ಲಿಷಿನ ಮೂಲಕ ಹೋದದ್ದರಿಂದ ಕನ್ನಡದವರಿಗೇ ಅದು ಕಾಣಲಿಲ್ಲ. ದೊಡ್ಡವರನ್ನು ಬರೀ ಹೆಸರಿನಿಂದ ಕರೆಯುವುದೂ ಅಲ್ಲಿ ಸಲ್ಲದು, ಹೆಸರಿನ ಜೊತೆ ಅಪ್ಪನ ಹೆಸರಿನಿಂದಾದ ರೂಪ ಬರಬೇಕು. ಪೆತ್ರೋವ್ನಾ ಎಂದರೆ ಪ್ಯೋತ್ರ್‌ನ ಮಗಳು. ಸುಧಾ ಎರಡು ವರ್ಷ “ಗಲೀನಾ” ಎಂದಷ್ಟೇ ಕರೆದಿದ್ದರು. ಕೆಲವು ಮನೆಗಳಲ್ಲಿ ಸೊಸೆ ಅತ್ತೆಯನ್ನು “ಮಾಮಾ”, “ತಿ” ಎನ್ನುವುದುಂಟು. ಆದರೆ ಆ ಸಲಿಗೆ ಅತ್ತೆಯಾಗಿ ಕೊಡಬೇಕು, ಸೊಸೆ ತಾನಾಗಿ ತೆಗೆದುಕೊಳ್ಳುವಂಥದ್ದಲ್ಲ. ಆಂತೋನ್ ಯಾಕೆ ತಿದ್ದಲಿಲ್ಲ ಎಂದರೆ, ಅವನಿಗೆ ಹೆಂಡತಿಯ ರಷ್ಯನ್ ಮುದ್ದಾಗಿ ಕೇಳಿಸುತ್ತಿತ್ತಂತೆ. ಗಂಡಸರು!

ಹತ್ತನೇ ದಿನ ಸುಧಾ ತಾವೇ ಫೋನ್ ಮಾಡಿ ಅತ್ತೆಯನ್ನು ಕರೆದರು. ಕ್ಷಮೆಯ ಭಾಷಣ ಬೇಡ, ಅಡುಗೆಮನೆಯಲ್ಲಿ ಕೈಗೆ ಕೆಲಸವಿದ್ದಾಗ ಮಾತಾಡಿ, ಆಂತೋನ್ ಮನೆಯಲ್ಲಿ ಇರದಿರಲಿ ಎಂದಷ್ಟೇ ಹೇಳಿದ್ದೆ. “ವಿ ಚಾಯ್ ಬೂದೆತೆ, ಗಲೀನಾ ಪೆತ್ರೋವ್ನಾ?” ಅತ್ತೆ ಒಂದು ಕ್ಷಣ ಇವರ ಮುಖ ನೋಡಿ “ಬೂದು” ಎಂದರಂತೆ. ಕುಡೀತೀನಿ. ಸ್ಟೂಲ್ ಎಳೆದು ಕೂತರು. ನಗಲಿಲ್ಲ. ಆದರೆ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಿಟ್ಟರು, ಮಗುವಿನ ಹೊಟ್ಟೆನೋವಿಗೆ ‘ಉಕ್ರೋಪ್‌ನಾಯಾ ವದಾ’. ಉಕ್ರೋಪ್ ಎಂದರೆ ನಮ್ಮ ಸಬ್ಬಸಿಗೆ. ಅಲ್ಲಿ ಆಲೂಗಡ್ಡೆಗೂ ಸೂಪಿಗೂ ಸೌತೆಕಾಯಿಗೂ ಹಸಿಯಾಗಿ ಉದುರಿಸುವ ಸೊಪ್ಪು. ಹಾಲು ಹೆಚ್ಚಲೆಂದು ಬಾಣಂತಿಗೆ ಸಬ್ಬಸಿಗೆ ಪಲ್ಯ ಮಾಡಿಕೊಡುವುದನ್ನು ಸುಧಾ ಊರಲ್ಲಿ ನೋಡಿಕೊಂಡೇ ಬೆಳೆದವರು. ತಮ್ಮ ಹರಕುಮುರುಕು ರಷ್ಯನ್‌ನಲ್ಲಿ ಅದನ್ನು ಹೇಳಿದರು. ಮಾರನೇ ದಿನ ಒಂದು ದೊಡ್ಡ ಕಟ್ಟು ಉಕ್ರೋಪ್ ಬಂತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತಲ್ಲ. ಅತ್ತೆಯ ಗೊಣಗಾಟದಲ್ಲಿ ಬಹುಪಾಲು ಅಕ್ಕರೆ ಎಂದು ಸುಧಾ ಒಪ್ಪಿಕೊಂಡರು. ಬಾಣಂತನದಲ್ಲಿ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ತಣ್ಣೀರು ಮುಟ್ಟಗೊಡದ ಅಜ್ಜಿಯರನ್ನು ನೋಡಿದವರಿಗೆ ಟೋಪಿ, ಚಪ್ಪಲಿಯ ಗಲಾಟೆ ಹೊಸದೇನಲ್ಲ. ಆದರೆ ಬಾಲ್ಕನಿಯದು ಬೇರೆ ವಿಷಯ. ಮನೆಯೊಳಗೆ ಸುಳಿಯುವ ಗಾಳಿಗೂ ಹೆದರುವ ಅದೇ ಅತ್ತೆ, ಮೈನಸ್ ಹನ್ನೆರಡರಲ್ಲಿ ಮಗುವನ್ನು ಗಾಡಿಯಲ್ಲಿ ಬೆಚ್ಚಗೆ ಸುತ್ತಿ ಬಾಲ್ಕನಿಯಲ್ಲಿ ಮಲಗಿಸುತ್ತಿದ್ದರು, ತಾಯಿಯನ್ನು ಕೇಳದೆ. ಮಕ್ಕಳನ್ನು ಚಳಿಯಲ್ಲಿ ಹೊರಗೆ ಮಲಗಿಸುವುದು ಅಲ್ಲಿನ ವಾಡಿಕೆ, ಸರಿ. ಕೇಳದೆ ಮಾಡುವುದು ವಾಡಿಕೆ ಅಲ್ಲ, ಅದು ಅಧಿಕಾರ. “ಅವರ ಸಂಸ್ಕೃತಿ ಮೇಡಂ, ನಾನೇ ಹೊಂದ್ಕೋಬೇಕೇನೋ” ಎಂದು ಸುಧಾ ಅಂದಾಗ ನಾನು ಒಪ್ಪಲಿಲ್ಲ. ಹೊರಗಿನಿಂದ ಹೋದ ಹೆಣ್ಣುಮಕ್ಕಳು ತಮಗಾದ ನೋವನ್ನೆಲ್ಲ ಸಂಸ್ಕೃತಿಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತಾರೆ. ಕೆಲವರು ತಿರುಗುಮುರುಗಾಗಿ, ಹವಾಮಾನದ ಸಿಟ್ಟನ್ನೂ ಅತ್ತೆಯ ಮೇಲೆ ಹಾಕುತ್ತಾರೆ. ಸುಧಾ ಎರಡನ್ನೂ ಮಾಡುತ್ತಿದ್ದರು.

ಅಲ್ಲಿ ವಿಳಾಸದ ಪ್ರಕಾರ ಪ್ರತಿ ಮಗುವಿಗೂ ಒಂದು ಪಾಲಿಕ್ಲಿನಿಕ್, ಒಬ್ಬ ಮಕ್ಕಳ ಡಾಕ್ಟರ್ ಗೊತ್ತಾಗಿರುತ್ತಾರೆ. ಹೆರಿಗೆಯಾದ ಹೊಸದರಲ್ಲಿ ಮನೆಗೇ ಬಂದು ನೋಡುತ್ತಾರೆ. ಬಾಲ್ಕನಿ, ಉಕ್ರೋಪ್ ನೀರು ಎರಡನ್ನೂ ಆ ಡಾಕ್ಟರ ಮುಂದಿಡಿ, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದೆ. ನೀರು ಸದ್ಯಕ್ಕೆ ಬೇಡ, ಎದೆಹಾಲು ಸಾಕು ಎಂದರಂತೆ ಅವರು. ಬಾಲ್ಕನಿಗೆ ಮೈನಸ್ ಹತ್ತರ ಗೆರೆ, ಅದೂ ತಾಯಿ ಹೂಂ ಅಂದರೆ ಮಾತ್ರ. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಇರಲಿ ಬಿಡಿ ಎಂದೆ.

ಇನ್ನೊಂದು ಸಂಗತಿ ನಾನು ಕೇಳದಿದ್ದರೆ ಬರುತ್ತಲೇ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದ ಮೇಲೆ ಊರಿನ ಬ್ಯಾಂಕಿನ ಆ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಸುಧಾ ಹತ್ತಿರ ಇದ್ದದ್ದು ಗಂಡನ ‘ಮೀರ್’ ಎಂಬ ರಷ್ಯಾದ್ದೇ ಕಾರ್ಡ್ ಒಂದೇ. ಪ್ರತಿ ಖರ್ಚೂ ಗಂಡನ ಫೋನಿಗೆ ಸಂದೇಶವಾಗಿ ಹೋಗುತ್ತಿತ್ತು. ಅವನು ಕೇಳಿದವನಲ್ಲ, ಆದರೂ ಇವರು ಚಾಕೊಲೇಟ್ ಕೊಳ್ಳಲೂ ಹಿಂದೆಮುಂದೆ ನೋಡುತ್ತಿದ್ದರು. ಸ್ವಂತ ಖಾತೆ, ಸ್ವಂತ ಕಾರ್ಡ್ ಮಾಡಿಸಿಕೊಳ್ಳಿ ಎಂದೆ, ಜನವರಿಯಲ್ಲಿ ಮಾಡಿಸಿದರು. ನನ್ನ ಎಲ್ಲ ಸಲಹೆಗಳಲ್ಲಿ ಬೇಗ ಫಲ ಕೊಟ್ಟದ್ದು ಇದೇ ಇರಬೇಕು. ಜೊತೆಗೆ ರಷ್ಯನ್ ತರಗತಿ, ಮನೆಯಲ್ಲಲ್ಲ, ಹೊರಗೆ, ಅಪರಿಚಿತರ ನಡುವೆ. ವಾಸದ ಪರವಾನಗಿಗೆ ಭಾಷೆ, ಚರಿತ್ರೆ, ಕಾನೂನಿನ ಪರೀಕ್ಷೆ ಹೇಗೂ ಇತ್ತು.

ಮಾರ್ಚ್‌ನಲ್ಲಿ ಆ ಹತ್ತು ಪ್ರಶ್ನೆ ಮತ್ತೆ ಕೇಳಿದಾಗ ಅಂಕ ಎಂಟಕ್ಕೆ ಇಳಿದಿತ್ತು. ಔಷಧ ಎಷ್ಟು, ಹಗಲು ಬೆಳೆದದ್ದು ಎಷ್ಟು, ಮಾತು ಎಷ್ಟು ಎಂದು ಪಾಲು ಹಂಚಲು ನನ್ನಿಂದಾಗದು.

ಮೇ ತಿಂಗಳ ಕರೆ ದಾಚಾದಿಂದ ಬಂತು. ಊರಾಚೆಯ ಚಿಕ್ಕ ತೋಟದ ಮನೆ, ಆಲೂಗಡ್ಡೆ ನೆಡುವ ಕಾಲ. ನೆಟ್‌ವರ್ಕ್ ಹೋಗಿ ಹೋಗಿ ಬರುತ್ತಿತ್ತು. ಸುಧಾ ನೆಲದ ಮೇಲೆ ಕೂತು, ಮಗುವನ್ನು ಊರಿಗೆ ಕರೆತರಲು ಅತ್ತೆ ಇನ್ನೂ ಒಪ್ಪಿಲ್ಲ, ಆಂತೋನ್ ಯಾರ ಕಡೆಗೂ ಮಾತಾಡುತ್ತಿಲ್ಲ ಎಂದು ಹೇಳುತ್ತಿದ್ದರು. ಹಿಂದಿನಿಂದ ಒಂದು ಗದರು ಕೇಳಿಸಿತು.

“ಏನಂತೆ?” ಎಂದೆ.

“ತಣ್ಣನೆ ನೆಲದ ಮೇಲೆ ಕೂರಬೇಡ ಅಂತ.” ಎದ್ದು, ಒಂದು ಹಲಗೆ ಎಳೆದುಕೊಂಡು ಅದರ ಮೇಲೆ ಕೂತು, ಮಾತು ಮುಂದುವರಿಸಿದರು.